ಬೆನ್ನೆಲುಬಿಗೂ ಮುಂಚೆ

ಪ್ರಾಣಿಲೋಕವನ್ನು ಎರಡಾಗಿ ಒಡೆಯುವ ಗೆರೆಯೊಂದನ್ನು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ಬೆನ್ನೆಲುಬು ಇದ್ದರೆ ಕಶೇರುಕ, ಇಲ್ಲದಿದ್ದರೆ ಅಕಶೇರುಕ. ಹಸು, ಹಾವು, ಕಾಗೆ, ಕಪ್ಪೆ, ಮೀನು ಈ ಕಡೆ. ಎರೆಹುಳು, ಜೇಡ, ಏಡಿ, ಬಸವನಹುಳು ಆ ಕಡೆ. ಫ್ರಾನ್ಸಿನ ಲಾಮಾರ್ಕ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎಳೆದ ಈ ಗೆರೆ ಇಂದಿಗೂ ಅಳಿಸಿಲ್ಲ. ನೆನಪಿಡಲು ಸುಲಭ, ಮಕ್ಕಳಿಗೆ ಹೇಳಿಕೊಡಲು ಅನುಕೂಲ. ಆದರೆ ಪ್ರಾಣಿಶಾಸ್ತ್ರ ಇಂದು ಒಪ್ಪುವ ಗಡಿ ಬೇರೆ ಕಡೆ ಇದೆ. ಪಿಯುಸಿಗೆ ಬಂದ ವಿದ್ಯಾರ್ಥಿಗೆ ಎದುರಾಗುವ ಹೆಸರು ಕಾರ್ಡೇಟ್. ಎಲ್ಲ ಕಶೇರುಕಗಳೂ ಕಾರ್ಡೇಟ್‌ಗಳೇ, ಆದರೆ ಎಲ್ಲ ಕಾರ್ಡೇಟ್‌ಗಳೂ ಕಶೇರುಕಗಳಲ್ಲ. ಬೆನ್ನೆಲುಬಿನ ಸುಳಿವೇ ಇಲ್ಲದ ಸುಮಾರು 3,000 ಕಡಲಜೀವಿ ಪ್ರಭೇದಗಳು ನಮ್ಮದೇ ವಂಶಕ್ಕೆ ಸೇರಿವೆ.

ಪಠ್ಯಪುಸ್ತಕದಲ್ಲಿ ಈ ವಂಶದ ಲಕ್ಷಣಗಳು ಕೋಷ್ಟಕವಾಗಿ ಬರುತ್ತವೆ. ಬೆನ್ನಿನುದ್ದಕ್ಕೂ ಹಾಯುವ ನೋಟೋಕಾರ್ಡ್ ಎಂಬ ಮೆದು ಸರಳು; ಅದರ ಮೇಲುಗಡೆ, ಒಳಗೆ ಟೊಳ್ಳಾದ ನರನಾಳ; ಗಂಟಲ ಗೋಡೆಯಲ್ಲಿ ಜೋಡಿ ಜೋಡಿ ಸೀಳುಗಳು; ಗುದದ್ವಾರವನ್ನು ದಾಟಿ ಹಿಂದಕ್ಕೆ ಚಾಚಿದ ಬಾಲ. ಹಲವು ಪುಸ್ತಕಗಳು ಐದನೆಯದಾಗಿ ಗಂಟಲ ತಳದಲ್ಲಿರುವ, ಲೋಳೆ ಸ್ರವಿಸುವ ಎಂಡೋಸ್ಟೈಲ್ ಎಂಬ ತೋಡನ್ನೂ ಸೇರಿಸುತ್ತವೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಈ ಪಟ್ಟಿಯನ್ನು ಹಿಡಿದು ತನ್ನ ಮೈಯಲ್ಲೇ ಹುಡುಕಹೊರಟ ವಿದ್ಯಾರ್ಥಿಗೆ ಅವುಗಳಲ್ಲಿ ಒಂದು ಮಾತ್ರ ಪೂರ್ತಿಯಾಗಿ ಸಿಗುತ್ತದೆ. ಅದು ನರನಾಳ, ಅಂದರೆ ಮಿದುಳು ಮತ್ತು ಬೆನ್ನುಹುರಿ. ನೋಟೋಕಾರ್ಡ್ ಇಲ್ಲ, ಸೀಳುಗಳಿಲ್ಲ, ಬಾಲವಿಲ್ಲ, ಎಂಡೋಸ್ಟೈಲೂ ಇಲ್ಲ. ಹಾಗಿದ್ದೂ ಮನುಷ್ಯ ಕಾರ್ಡೇಟ್ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ನೋಟೋಕಾರ್ಡ್, ಗಂಟಲ ಉಬ್ಬುತಗ್ಗುಗಳು, ಬಾಲ ಎಲ್ಲವೂ ಗರ್ಭದ ಮೊದಲ ಎರಡು ತಿಂಗಳಲ್ಲಿ ಮೂಡಿ, ತಮ್ಮ ಕೆಲಸ ಮುಗಿಸಿ, ಬೇರೇನೋ ಆಗಿ ಮಾರ್ಪಟ್ಟಿರುತ್ತವೆ. ಈ ಐದನ್ನು ಐದು ಅಂಗಗಳೆಂದು ಓದಿದವರಿಗೆ ವಿಷಯ ಕೈಗೆ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವು ದೇಹ ಕಟ್ಟಿಕೊಳ್ಳುವಾಗ ನಡೆಯುವ ಐದು ಘಟನೆಗಳು. ಹಾಗೆ ಓದಿದಾಗ ಮಾತ್ರ ಒಂದೂವರೆ ಶತಮಾನದ ಸಂಶೋಧನೆ ಒಂದು ಸರಣಿಯಾಗಿ ಕಾಣಿಸುತ್ತದೆ.

ಆ ಸರಣಿ ಶುರುವಾಗುವುದು ಕಡಲ ಬಂಡೆಗೆ ಅಂಟಿ ಕೂತ ಜೀವಿಯೊಂದರಿಂದ. ಅಸಿಡಿಯನ್ ಎಂದು ಕರೆಯುವ ಈ ಪ್ರಾಣಿ ನೋಡಲು ದಪ್ಪ ತೊಗಲಿನ ಒಂದು ಚೀಲ. ಮೇಲೆ ಎರಡು ತೂತು. ಒಂದರಿಂದ ನೀರು ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ, ನಡುವೆ ಆಹಾರದ ಕಣಗಳು ಸೋಸಿಹೋಗುತ್ತವೆ. ಮುಟ್ಟಿದರೆ ಮೈ ಕುಗ್ಗಿಸಿ ನೀರು ಚಿಮ್ಮಿಸುತ್ತದೆ. ಅದರ ಹೊರಕವಚದಲ್ಲಿ ಸೆಲ್ಯುಲೋಸ್ ಇದೆ. ಮರಗಿಡಗಳ ಈ ನಾರು ಪದಾರ್ಥವನ್ನು ತಾನೇ ತಯಾರಿಸಿಕೊಳ್ಳುವ ಪ್ರಾಣಿಗುಂಪು ಇದೊಂದೇ. ಇದರ ಹೃದಯ ಸ್ವಲ್ಪ ಹೊತ್ತು ರಕ್ತವನ್ನು ಒಂದು ದಿಕ್ಕಿಗೆ ತಳ್ಳಿ, ನಿಂತು, ಮತ್ತೆ ಎದುರು ದಿಕ್ಕಿಗೆ ತಳ್ಳುತ್ತದೆ. ತಲೆ ಇಲ್ಲ, ಕಣ್ಣಿಲ್ಲ, ಮೂಳೆ ಇಲ್ಲ. ಚಿಪ್ಪುಜೀವಿಗಳ ಬಳಗಕ್ಕೆ ಇದನ್ನು ಬಹುಕಾಲ ಸೇರಿಸಿದ್ದು ಸಹಜವೇ ಆಗಿತ್ತು.

ರಷ್ಯಾದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಬೆಳೆದ ಪ್ರಾಣಿಯನ್ನು ಬಿಟ್ಟು ಅದರ ಮೊಟ್ಟೆಗಳತ್ತ ನೋಡಿದ. ನೇಪಲ್ಸ್ ಕೊಲ್ಲಿಯಲ್ಲಿ ಕೆಲಸ ಮಾಡಿದ್ದ ಅವನು 1866ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಾಣಿಶಾಸ್ತ್ರದ ಭೂಪಟವನ್ನೇ ಬದಲಿಸಿತು. ಅಸಿಡಿಯನ್ ಮೊಟ್ಟೆಯಿಂದ ಹೊರಬೀಳುವುದು ಚೀಲವಲ್ಲ, ಬಾಲ ಬಡಿದು ಈಜುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಲಾರ್ವಾ. ಮಳೆಗಾಲದ ಹೊಂಡದ ಗೊದಮೊಟ್ಟೆಯನ್ನು ಬಲ್ಲವರಿಗೆ ಅದರ ಆಕಾರ ಹೊಸದಲ್ಲ. ಅದರ ಬಾಲದ ನಡುವೆ ನೋಟೋಕಾರ್ಡ್ ಇದೆ. ಮೇಲೆ ಟೊಳ್ಳಾದ ನರನಾಳವಿದೆ. ಅಕ್ಕಪಕ್ಕ ಸ್ನಾಯುಗಳಿವೆ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಾಗುವ ಸಿಯೋನಾ ಎಂಬ ಅಸಿಡಿಯನ್‌ನ ಲಾರ್ವಾದಲ್ಲಿ ನೋಟೋಕಾರ್ಡ್ ಎಂದರೆ ಸರಿಯಾಗಿ 40 ಜೀವಕೋಶಗಳು. ಒಂದರ ಹಿಂದೊಂದು ಸಾಲುಗಟ್ಟಿದ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಒಂದು ಇಡೀ ವಂಶದ ಗುರುತು 40 ಕೋಶಗಳಲ್ಲಿ ಅಡಗಿರುವುದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಈ ಲಾರ್ವಾ ಏನನ್ನೂ ತಿನ್ನುವುದಿಲ್ಲ. ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಈಜಿ, ತಲೆಯ ತುದಿಯ ಅಂಟುಗುಬ್ಬಿಗಳಿಂದ ಯಾವುದಾದರೂ ಬಂಡೆಗೋ ಹಡಗಿನ ತಳಕ್ಕೋ ಕಚ್ಚಿಕೊಳ್ಳುತ್ತದೆ. ಆಮೇಲೆ ಬಾಲ ದೇಹದೊಳಕ್ಕೆ ಕರಗುತ್ತದೆ, ನೋಟೋಕಾರ್ಡ್ ಮಾಯವಾಗುತ್ತದೆ, ನರನಾಳ ಕುಗ್ಗಿ ಒಂದು ನರಗಂಟಾಗಿ ಉಳಿಯುತ್ತದೆ. ಸೀಳುಗಳುಳ್ಳ ಗಂಟಲು ಮಾತ್ರ ಹಿಗ್ಗಿ ಹಿಗ್ಗಿ ಮೈಯ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಬೆಳೆದ ಪ್ರಾಣಿಯನ್ನು ಮಾತ್ರ ನೋಡಿದವರಿಗೆ ಅದರ ಕುಲ ತಿಳಿಯಲು ದಾರಿಯೇ ಇರಲಿಲ್ಲ. ಡಾರ್ವಿನ್ 1871ರ ತನ್ನ ಮಾನವ ವಿಕಾಸದ ಗ್ರಂಥದಲ್ಲಿ ಈ ಶೋಧವನ್ನು ಬಹಳ ಮಹತ್ವದ್ದೆಂದು ಎತ್ತಿಕೊಂಡ. ಕಶೇರುಕಗಳ ಮೂಲ ಎಲ್ಲಿದೆ ಎಂಬ ಪ್ರಶ್ನೆಗೆ ಅದು ಅವನಿಗೆ ಸಿಕ್ಕ ಮೊದಲ ಗಟ್ಟಿ ಸುಳಿವು.

ಭಾರತದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಈ ಗುಂಪು ಪರಿಚಯವಾಗುವುದು ಹರ್ಡ್‌ಮೇನಿಯಾ ಎಂಬ ಅಸಿಡಿಯನ್ ಮೂಲಕ. ಸಿಂಹಳದ ಮುತ್ತಿನ ಸಿಂಪಿಗಳ ನೆಲೆಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಮೀಕ್ಷೆ ಮಾಡಿದ ಹರ್ಡ್‌ಮನ್‌ನ ಹೆಸರನ್ನು ಹೊತ್ತ ಈ ಪ್ರಾಣಿಯ ಬಗ್ಗೆ ಎಸ್. ಎಂ. ದಾಸ್ 1936ರಲ್ಲಿ ‘ಇಂಡಿಯನ್ ಜೂಲಾಜಿಕಲ್ ಮೆಮಾಯರ್ಸ್’ ಮಾಲೆಯಲ್ಲಿ ಒಂದು ಪೂರ್ಣ ಗ್ರಂಥ ಬರೆದರು. ಅದರ ಕವಚದೊಳಗಿನ ಸುಣ್ಣದ ಮುಳ್ಳುಗಳನ್ನು ಬೇರ್ಪಡಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸುವುದು ನಮ್ಮ ಬಿ.ಎಸ್ಸಿ. ಪ್ರಯೋಗಾಲಯಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪಾಠ. ಮುಳ್ಳುಗಳ ಜೊತೆಗೆ ಅದರ ಲಾರ್ವಾವನ್ನೂ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು. ವಂಶದ ಗುರುತು ಇರುವುದು ಅಲ್ಲಿ ತಾನೇ?

ಇನ್ನೊಂದು ಗುಂಪು ಲ್ಯಾನ್ಸ್‌ಲೆಟ್ ಅಥವಾ ಆಂಫಿಯಾಕ್ಸಸ್. ಐದಾರು ಸೆಂಟಿಮೀಟರ್ ಉದ್ದದ, ಎರಡೂ ತುದಿ ಚೂಪಾದ, ಬೆಳಕು ಹಾಯುವಷ್ಟು ತೆಳು ಮೈಯ ಜೀವಿ. ಆಳವಿಲ್ಲದ ಕಡಲ ಮರಳಿನಲ್ಲಿ ಹೂತುಕೊಂಡು ಬಾಯಷ್ಟನ್ನೇ ಹೊರಗಿಟ್ಟು ನೀರು ಸೋಸುತ್ತದೆ. 1774ರಲ್ಲಿ ಇದನ್ನು ಮೊದಲು ವರ್ಣಿಸಿದ ಪಲ್ಲಾಸ್ ಇದೊಂದು ಚಿಪ್ಪಿಲ್ಲದ ಬಸವನಹುಳುವಿನ ಜಾತಿ ಎಂದು ಹೆಸರಿಟ್ಟ. ಅದು ಮೀನಿನ ಕಡೆಯ ನಂಟ ಎಂದು ಗೊತ್ತಾಗಲು ಅರವತ್ತು ವರ್ಷ ಬೇಕಾಯಿತು. 1834ರಲ್ಲಿ ಇಟಲಿಯ ಕೋಸ್ಟ ಆ ಕೆಲಸ ಮಾಡಿದ. ಪ್ರಪಂಚದಲ್ಲಿ ಇದರ ಪ್ರಭೇದಗಳು ಮೂವತ್ತರ ಆಸುಪಾಸು. ಚೀನಾದ ಷಿಯಾಮೆನ್ ಬಳಿ ಒಂದು ಕಾಲಕ್ಕೆ ಇದನ್ನು ತಿನ್ನಲೆಂದೇ ಹಿಡಿಯುವ ಬೆಸ್ತರಿದ್ದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಲೈಟ್ ಎಂಬ ಪ್ರಾಣಿಶಾಸ್ತ್ರಜ್ಞ 1923ರಲ್ಲಿ ಅದನ್ನು ಬರೆದಾಗ ಪಶ್ಚಿಮದ ವಿಜ್ಞಾನಿಗಳು ಬೆರಗಾದರು. ಅವರ ಪಾಲಿಗೆ ಅದು ಗಾಜಿನ ಜಾಡಿಯೊಳಗಿನ ಅಪರೂಪದ ವಸ್ತುವಾಗಿತ್ತು.

ಲ್ಯಾನ್ಸ್‌ಲೆಟ್‌ನ ವಿಶೇಷ ಎಂದರೆ ಐದೂ ಲಕ್ಷಣಗಳು ಅದರಲ್ಲಿ ಜೀವಮಾನವಿಡೀ ಉಳಿಯುತ್ತವೆ. ನೂರಕ್ಕೂ ಹೆಚ್ಚು ಗಂಟಲ ಸೀಳುಗಳು, ತಳದಲ್ಲಿ ಎಂಡೋಸ್ಟೈಲ್, ಮೇಲೆ ನರನಾಳ, ಹಿಂದೆ ಬಾಲ, ಮತ್ತು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಒಂದೇ ನೋಟೋಕಾರ್ಡ್. ನಮ್ಮ ಪಠ್ಯಗಳು ಇದನ್ನು ಮಾದರಿ ಕಾರ್ಡೇಟ್ ಎಂದು ಚಿತ್ರ ಬಿಡಿಸಿ ತೋರಿಸುವುದು ಈ ಕಾರಣಕ್ಕೆ. ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ನಮ್ಮ ಪೂರ್ವಜ ಎಂದುಕೊಳ್ಳಬಾರದು. ಇಂದು ಮರಳಿನಲ್ಲಿ ಹೂತಿರುವ ಲ್ಯಾನ್ಸ್‌ಲೆಟ್ ನಮ್ಮಷ್ಟೇ ದೀರ್ಘ ಇತಿಹಾಸವಿರುವ, ನಮ್ಮ ಕಾಲದ್ದೇ ಜೀವಿ.

ಈಗ ನೋಟೋಕಾರ್ಡ್ ಕಡೆಗೆ ಬರೋಣ. ಅದರ ರಚನೆ ಸರಳ. ಒಳಗೆ ದೊಡ್ಡ ದೊಡ್ಡ ರಸಗುಳ್ಳೆಗಳಿರುವ ಜೀವಕೋಶಗಳು, ಹೊರಗೆ ಅವನ್ನು ಬಿಗಿದು ಸುತ್ತಿದ ನಾರಿನ ಹೊದಿಕೆ. ಒಳಗಿನ ಒತ್ತಡಕ್ಕೂ ಹೊರಗಿನ ಬಿಗಿತಕ್ಕೂ ನಡೆಯುವ ಎಳೆದಾಟದಲ್ಲಿ, ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ, ಅದು ಬಾಗುತ್ತದೆ ಆದರೆ ಮೊಟಕಾಗುವುದಿಲ್ಲ. ಈಜುವ ಪ್ರಾಣಿಗೆ ಬೇಕಾದದ್ದು ಇದೇ. ಒಂದು ಪಕ್ಕದ ಸ್ನಾಯು ಕುಗ್ಗಿದಾಗ ಮೈ ಕುಗ್ಗಿಹೋಗದೆ ಆ ಕಡೆಗೆ ಬಾಗಬೇಕು. ಮರುಕ್ಷಣ ಇನ್ನೊಂದು ಪಕ್ಕಕ್ಕೆ. ಲ್ಯಾನ್ಸ್‌ಲೆಟ್‌ನಲ್ಲಿ ಈ ಸರಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ನೋಟೋಕಾರ್ಡ್ ಸ್ನಾಯುವಿನ ಬಿಲ್ಲೆಗಳಿಂದಲೇ ಆಗಿರುವುದರಿಂದ ಬೇಕೆಂದಾಗ ತನ್ನ ಬಿಗಿತವನ್ನು ಹೆಚ್ಚಿಸಿಕೊಳ್ಳಬಲ್ಲದು.

ಆಸರೆ ಕೊಡುವುದಷ್ಟೇ ಅದರ ಕೆಲಸವಾಗಿದ್ದರೆ ಬೆನ್ನೆಲುಬು ಬಂದ ಮೇಲೆ ಕಶೇರುಕಗಳು ಅದನ್ನು ಪೂರ್ತಿ ಕೈಬಿಡಬಹುದಿತ್ತು. ಯಾವ ಕಶೇರುಕವೂ ಹಾಗೆ ಮಾಡಿಲ್ಲ. ಮೂಳೆ ಹುಟ್ಟುವುದಕ್ಕೂ ಎಷ್ಟೋ ಮೊದಲು ಪ್ರತಿ ಭ್ರೂಣವೂ ಒಂದು ನೋಟೋಕಾರ್ಡನ್ನು ಕಟ್ಟಿಯೇ ಮುಂದುವರಿಯುತ್ತದೆ. ಏಕೆ ಎಂಬುದಕ್ಕೆ ಉತ್ತರದ ಮೊದಲ ಪಾಲು ಸಿಕ್ಕಿದ್ದು 1924ರಲ್ಲಿ, ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್ ಪ್ರಕಟಿಸಿದ ಪ್ರಯೋಗದಿಂದ. ನ್ಯೂಟ್ ಎಂಬ ಬಾಲವಿರುವ ಉಭಯಚರದ ಎಳೆಯ ಭ್ರೂಣದಿಂದ, ಮುಂದೆ ನೋಟೋಕಾರ್ಡ್ ಆಗಬೇಕಾದ ಒಂದು ಚೂರನ್ನು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ನೆಟ್ಟರು. ಕೊಟ್ಟ ಭ್ರೂಣ ಬಿಳಿಚು, ಪಡೆದ ಭ್ರೂಣ ಕಪ್ಪು. ಹಾಗಾಗಿ ಯಾವ ಕೋಶ ಯಾರದೆಂದು ಬಣ್ಣದಿಂದ ತಿಳಿಯುತ್ತಿತ್ತು. ನೆಟ್ಟ ಜಾಗದಲ್ಲಿ ಎರಡನೆಯದೊಂದು ಮೈಯೇ ಬೆಳೆಯತೊಡಗಿತು. ಅದರ ನೋಟೋಕಾರ್ಡ್ ಬಹುಪಾಲು ನೆಟ್ಟ ಚೂರಿನದು. ಆದರೆ ಅದರ ಮೇಲಿನ ನರನಾಳ ಬಹುಪಾಲು ಆತಿಥ್ಯ ಕೊಟ್ಟ ಭ್ರೂಣದ ಕೋಶಗಳಿಂದಾದದ್ದು. ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳನ್ನು ಆ ಚೂರು ಬೆನ್ನುಹುರಿಯಾಗುವ ದಾರಿಗೆ ಹಚ್ಚಿತ್ತು. ಪ್ರಬಂಧ ಪ್ರಕಟವಾದ ವರ್ಷವೇ ಹಿಲ್ಡೆ ಮಾಂಗೋಲ್ಡ್ ಮನೆಯ ಅಡುಗೆಕೋಣೆಯ ಬೆಂಕಿ ಅವಘಡದಲ್ಲಿ ತೀರಿಕೊಂಡರು. 1935ರ ನೊಬೆಲ್ ಪ್ರಶಸ್ತಿ ಸ್ಪೇಮನ್ ಒಬ್ಬರಿಗೇ ಬಂತು. ಆ ಕೆಲಸದ ಬಗ್ಗೆ ಬರೆಯುವಾಗ ಆಕೆಯ ಹೆಸರನ್ನು ಬಿಡಬಾರದು.

ನೋಟೋಕಾರ್ಡ್ ಒಂದು ಸಂಕೇತ ಕೇಂದ್ರ ಎಂಬುದು ಅಲ್ಲಿಂದ ಮುಂದೆ ಸ್ಪಷ್ಟವಾಗುತ್ತ ಹೋಯಿತು. ಅದು ಸ್ರವಿಸುವ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ಮೇಲಿನ ನರನಾಳದೊಳಕ್ಕೆ ಹರಡುತ್ತದೆ. ಹತ್ತಿರದ ಕೋಶಗಳಿಗೆ ಹೆಚ್ಚು, ದೂರದವಕ್ಕೆ ಕಡಿಮೆ. ಸಿಕ್ಕ ಪ್ರಮಾಣವನ್ನು ಅನುಸರಿಸಿ ಕೋಶಗಳು ತಾವು ಏನಾಗಬೇಕೆಂದು ತೀರ್ಮಾನಿಸುತ್ತವೆ. ಕೈಕಾಲು ಆಡಿಸುವ ನರಕೋಶಗಳು ಬೆನ್ನುಹುರಿಯ ಹೊಟ್ಟೆಯ ಮಗ್ಗುಲಲ್ಲೇ ಹುಟ್ಟುವುದು ಈ ಕಾರಣದಿಂದ. ನೋಟೋಕಾರ್ಡಿನ ಅಕ್ಕಪಕ್ಕದ ಅಂಗಾಂಶ ಕಶೇರುಮಣಿಗಳಾಗುವುದೂ ಅದೇ ಸಂಕೇತದ ಬಲದಿಂದ. ಅಂದರೆ ಬೆನ್ನೆಲುಬನ್ನು ಕರೆತರುವುದೇ ನೋಟೋಕಾರ್ಡ್. ಅದನ್ನು ಬೆನ್ನೆಲುಬಿನ ಹಳೆಯ, ಬಡ ರೂಪ ಎಂದು ಹೇಳಿಕೊಡುವುದು ಇನ್ನಾದರೂ ನಿಲ್ಲಬೇಕು.

ಇದನ್ನೆಲ್ಲ ಕಣ್ಣಾರೆ ನೋಡಲು ಒಂದು ಕೋಳಿಮೊಟ್ಟೆ ಸಾಕು. ಕಾವಿಗಿಟ್ಟು 33 ಗಂಟೆಯಾದ ಮೊಟ್ಟೆಯನ್ನು ಬೆಚ್ಚನೆಯ ಉಪ್ಪುನೀರಿನ ಬಟ್ಟಲಿಗೆ ಒಡೆದರೆ ಭಂಡಾರದ ಮೇಲೆ ಒಂದು ಮಸುಕು ಬಿಳಿ ತಟ್ಟೆ ತೇಲುತ್ತದೆ. ಅದರ ನಡುವೆ ಕೆಲವೇ ಮಿಲಿಮೀಟರ್ ಉದ್ದದ ಭ್ರೂಣ. ಸುತ್ತ ಕತ್ತರಿಸಿ, ಗಾಜಿನ ಮೇಲೆ ಹರವಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಮುಂದುಗಡೆ ಮಿದುಳಿನ ಉಬ್ಬುಗಳು ಕಾಣುತ್ತವೆ. ಅವುಗಳಲ್ಲಿ ಮೊದಲನೆಯದರ ಎರಡು ಪಕ್ಕಗಳಲ್ಲಿ ಕಣ್ಣಾಗಲಿರುವ ಬುಗ್ಗೆಗಳು. ನಡುವೆ ಎಡಬಲಕ್ಕೆ ಒಂದು ಡಜನ್‌ನಷ್ಟು ಜೋಡಿ ಅಂಗಾಂಶದ ಗಟ್ಟಿಗಳು. ಅವುಗಳ ಮಧ್ಯೆ ಹಾಯುವ ನರನಾಳದ ಕೆಳಗೆ ಒಂದು ತೆಳುಗೆರೆ, ಅದೇ ನೋಟೋಕಾರ್ಡ್. ಹಿಂದುಗಡೆಗೆ ಬಂದರೆ ನರನಾಳ ಇನ್ನೂ ಮುಚ್ಚಿಕೊಂಡಿರುವುದಿಲ್ಲ. ಎರಡು ಅಂಚುಗಳು ಮೇಲೆದ್ದು ಒಂದನ್ನೊಂದು ಸೇರಲು ಬಾಗಿರುತ್ತವೆ. ಒಂದೇ ಭ್ರೂಣದಲ್ಲಿ ತಲೆಯ ಕಡೆ ಮುಗಿದ ಕೆಲಸ, ಬಾಲದ ಕಡೆ ನಡೆಯುತ್ತಿರುವ ಕೆಲಸ. ಪಟ್ಟಿಯಲ್ಲಿ ‘ಟೊಳ್ಳಾದ ನರನಾಳ’ ಎಂದು ಬರೆಯುವ ಎರಡು ಪದಗಳ ಹಿಂದೆ ಇರುವುದು ಈ ಮಡಚಿಕೊಳ್ಳುವಿಕೆ.

ಬೆಳೆದ ದೇಹದಲ್ಲಿ ನೋಟೋಕಾರ್ಡಿನ ಉಳಿಕೆ ಎಲ್ಲಿದೆ ಎಂದು ತಿಳಿಯಲು ಕರಾವಳಿಯ ಊಟದ ತಟ್ಟೆಯನ್ನೇ ನೋಡಬಹುದು. ಬಂಗುಡೆಯ ನಡುಮುಳ್ಳಿನಿಂದ ಒಂದು ಮಣಿಯನ್ನು ಬಿಡಿಸಿ ನೋಡಿ. ಎರಡೂ ಮುಖಗಳು ಒಳಕ್ಕೆ ಗುಳಿಬಿದ್ದಿರುತ್ತವೆ. ಎದುರುಬದುರಾದ ಎರಡು ಮಣಿಗಳ ಗುಳಿಗಳು ಸೇರಿದ ಆ ಜಾಗದಲ್ಲಿ, ಬೇಯಿಸದ ಮೀನಿನಲ್ಲಾದರೆ, ಒಂದು ಲೋಳೆ ತುಂಬಿರುತ್ತದೆ. ನೋಟೋಕಾರ್ಡಿನಲ್ಲಿ ಉಳಿದುಕೊಂಡದ್ದು ಅದು. ಮನುಷ್ಯನಲ್ಲಿ ಅದರ ಪಾಲು ಇನ್ನೂ ಚಿಕ್ಕದು. ಬೆನ್ನಿನ ಮಣಿಗಳ ನಡುವಿನ ಬಿಲ್ಲೆಯ ಒಳಗಿನ ಮೆದು ತಿರುಳು ಭ್ರೂಣದ ನೋಟೋಕಾರ್ಡಿನಿಂದ ಬಂದದ್ದು. ಡಿಸ್ಕ್ ಜಾರಿದೆ ಎಂದು ಆಸ್ಪತ್ರೆಗೆ ಹೋದವರಿಗೆ ನರವನ್ನು ಒತ್ತಿ ನೋವು ಕೊಡುವುದು ಹೊರಗೆ ನುಗ್ಗಿದ ಅದೇ ತಿರುಳು. ಅಪರೂಪಕ್ಕೆ ಭ್ರೂಣಕಾಲದ ಈ ಕೋಶಗಳು ತಲೆಬುರುಡೆಯ ತಳದಲ್ಲೋ ಬೆನ್ನಿನ ಕೊನೆಯಲ್ಲೋ ಉಳಿದು ಕಾರ್ಡೋಮಾ ಎಂಬ ಗಡ್ಡೆಯಾಗುತ್ತವೆ.

ನರನಾಳದ ವಿಷಯ ಇದಕ್ಕಿಂತ ತುರ್ತಿನದು. ಮನುಷ್ಯ ಭ್ರೂಣದಲ್ಲಿ ಆ ಮಡಿಕೆ ಮುಚ್ಚಿಕೊಳ್ಳುವುದು ಗರ್ಭಧರಿಸಿದ ಸುಮಾರು 28 ದಿನಗಳೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರೆಂದು ಖಚಿತವಾಗುವ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ, ಇಲ್ಲವೇ ತಪ್ಪಿಹೋಗಿರುತ್ತದೆ. ತಲೆಯ ಕಡೆ ಮುಚ್ಚದಿದ್ದರೆ ಮಿದುಳು ಬೆಳೆಯದ ಮಗು. ಬೆನ್ನಿನ ಕೆಳಭಾಗದಲ್ಲಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಹಿಂದೊಮ್ಮೆ ಇಂಥ ಮಗು ಹೆತ್ತಿದ್ದ ತಾಯಂದಿರು ಗರ್ಭಧರಿಸುವ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಅಷ್ಟು ಅಗ್ಗದ ಒಂದು ವಿಟಮಿನ್. ಬಸಿರಾಗಲು ಬಯಸುವ ಹೆಂಗಸರು ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂಬ ಸಲಹೆ ಇಂದು ಪ್ರಪಂಚದಲ್ಲೆಲ್ಲ ಇದೆ. ನಮ್ಮಲ್ಲಿ ಮಾತ್ರೆ ಕೈಗೆ ಬರುವುದು ಬಹಳ ಸಲ ಬಸಿರು ಖಚಿತವಾದ ಮೇಲೆ. ‘ಬೆನ್ನಿನ ಕಡೆ ಟೊಳ್ಳಾದ ನರನಾಳ’ ಎಂದು ಉರು ಹೊಡೆಯುವ ಹದಿನಾರು ವರ್ಷದ ಹುಡುಗಿಗೆ ಅದೇ ಪಾಠದಲ್ಲಿ ಈ 28 ದಿನಗಳ ಲೆಕ್ಕವನ್ನೂ ಹೇಳಿಕೊಡುವುದು ಸಾಧ್ಯ. ಹೇಳಿಕೊಡಲೇಬೇಕು.

ನರನಾಳ ಬೆನ್ನಿನ ಕಡೆ ಏಕಿದೆ ಎಂಬುದು ಬೇರೆಯೇ ಪ್ರಶ್ನೆ. ಕೀಟಗಳಲ್ಲಿ, ಎರೆಹುಳುವಿನಲ್ಲಿ ಮುಖ್ಯ ನರಹುರಿ ಹೊಟ್ಟೆಯ ಕಡೆ ಹಾಯುತ್ತದೆ, ರಕ್ತ ತಳ್ಳುವ ಮುಖ್ಯ ನಾಳ ಬೆನ್ನಿನ ಕಡೆ. ನಮ್ಮಲ್ಲಿ ಎಲ್ಲ ತಲೆಕೆಳಗು. 1822ರಲ್ಲಿ ಫ್ರಾನ್ಸಿನ ಜೆಫ್ರಾ ಸೇಂಟ್ ಹಿಲೇರ್ ಒಂದು ಲಾಬ್‌ಸ್ಟರನ್ನು ಅಂಗಾತ ಮಲಗಿಸಿ ನೋಡಿದರೆ ಅದರ ಅಂಗಗಳ ಜೋಡಣೆ ಕಶೇರುಕದಂತೆಯೇ ಇದೆ ಎಂದು ತೋರಿಸಿದ. 1830ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಕ್ಯೂವಿಯೆ ಜೊತೆ ನಡೆದ ಅವನ ವಾಗ್ವಾದ ಯೂರೋಪಿನಲ್ಲೆಲ್ಲ ಸದ್ದು ಮಾಡಿತು, ಮತ್ತು ಗೆದ್ದವನು ಕ್ಯೂವಿಯೆ ಎಂದೇ ಆಗ ಎಲ್ಲರೂ ತಿಳಿದರು. 1990ರ ದಶಕದಲ್ಲಿ ವಂಶವಾಹಿಗಳು ಬೇರೆ ತೀರ್ಪು ಕೊಟ್ಟವು. ಕಪ್ಪೆಯಲ್ಲಿ ಬೆನ್ನಿನ ಕಡೆ ಕೆಲಸ ಮಾಡುವ ಕಾರ್ಡಿನ್ ವಂಶವಾಹಿಯ ಜೊತೆಗಾರ ಹಣ್ಣುನೊಣದಲ್ಲಿ ಹೊಟ್ಟೆಯ ಕಡೆ ಕೆಲಸ ಮಾಡುತ್ತದೆ. ಎರಡರಲ್ಲೂ ಅದು ಇರುವ ಕಡೆಯೇ ನರಮಂಡಲ ಹುಟ್ಟುತ್ತದೆ. ನಮ್ಮ ಹಿರೀಕರ ಸಾಲಿನಲ್ಲಿ ಎಲ್ಲೋ ಒಂದು ಕಡೆ ದೇಹ ಮಗುಚಿದೆ ಎಂಬ ವಿಚಾರ ಈಗ ಗಂಭೀರ ಸಿದ್ಧಾಂತ. ಕಡಲಹುಳುವೊಂದರ ಹೊಟ್ಟೆಯ ಕಡೆಯ ಸ್ನಾಯುಸಾಲಿನಲ್ಲಿ ನೋಟೋಕಾರ್ಡಿನದೇ ವಂಶವಾಹಿಗಳು ಕೆಲಸ ಮಾಡುತ್ತವೆ ಎಂದು 2014ರಲ್ಲಿ ಒಂದು ತಂಡ ವಾದಿಸಿತು. ಅದನ್ನು ನೋಟೋಕಾರ್ಡಿನ ಮೂಲ ಎಂದು ಒಪ್ಪಲು ಅನೇಕರು ಸಿದ್ಧರಿಲ್ಲ. ನನಗೂ ಅದು ಆತುರದ ತೀರ್ಮಾನವಾಗಿ ಕಾಣುತ್ತದೆ. ಒಂದೇ ವಂಶವಾಹಿ ಬೇರೆ ಬೇರೆ ಕಡೆ ಬೇರೆ ಬೇರೆ ಕೆಲಸಕ್ಕೆ ಬಳಕೆಯಾಗುವುದು ಜೀವಜಗತ್ತಿನಲ್ಲಿ ಸಾಮಾನ್ಯ.

ಗಂಟಲ ಸೀಳುಗಳ ಬಗ್ಗೆ ಹೇಳುವಾಗ ಒಂದು ಎಚ್ಚರಿಕೆ ಬೇಕು. ಮನುಷ್ಯ ಭ್ರೂಣಕ್ಕೆ ಕಿವಿರುಗಳಿರುತ್ತವೆ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ನಿಜವಲ್ಲ. 1825ರಲ್ಲಿ ರಾಟ್ಕೆ ಹಂದಿ ಮತ್ತು ಕೋಳಿಯ ಭ್ರೂಣಗಳ ಕುತ್ತಿಗೆಯಲ್ಲಿ ಕಂಡದ್ದು ಉಬ್ಬುಗಳನ್ನೂ ಅವುಗಳ ನಡುವಿನ ತಗ್ಗುಗಳನ್ನೂ. ಮೀನಿನಲ್ಲಿ ಆ ತಗ್ಗುಗಳು ತೂತಾಗಿ ಸೀಳುಗಳಾಗುತ್ತವೆ, ಉಬ್ಬುಗಳಲ್ಲಿ ಕಿವಿರು ಬೆಳೆಯುತ್ತದೆ. ನಮ್ಮಲ್ಲಿ ಅವು ತೂತಾಗುವುದೇ ಇಲ್ಲ, ಉಸಿರಾಟಕ್ಕೆ ಒಂದು ಕ್ಷಣವೂ ಬಳಕೆಯಾಗುವುದಿಲ್ಲ. ಬದಲಿಗೆ ಮೊದಲ ತಗ್ಗು ನಡುಗಿವಿಯ ಪೊಳ್ಳು ಮತ್ತು ಅದನ್ನು ಗಂಟಲಿಗೆ ಸೇರಿಸುವ ನಾಳವಾಗುತ್ತದೆ. ನೆಗಡಿಯಾದಾಗ ಕಿವಿ ಗವ್ವೆನ್ನುವುದು ಆ ದಾರಿ ಕಟ್ಟಿದಾಗ. ಎರಡನೆಯದರಿಂದ ಟಾನ್ಸಿಲ್, ಮೂರನೆಯದರಿಂದ ಥೈಮಸ್, ಮೂರು ಮತ್ತು ನಾಲ್ಕನೆಯದರಿಂದ ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಮೊದಲ ಉಬ್ಬು ದವಡೆ ಕಟ್ಟುತ್ತದೆ. 1837ರಲ್ಲಿ ರೈಖರ್ಟ್ ತೋರಿಸಿದಂತೆ, ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಎರಡು ಮೂಳೆಗಳೇ ಸ್ತನಿಗಳ ಕಿವಿಯೊಳಗೆ ಸೇರಿ ಶಬ್ದ ಸಾಗಿಸುತ್ತವೆ. ಹಾವಿನ ಬಾಯಿಯ ಕೀಲು ನಮ್ಮ ಕಿವಿಯೊಳಗಿದೆ.

ಆದರೆ ಸೀಳುಗಳು ಕಾರ್ಡೇಟ್‌ಗಳ ಸ್ವಂತ ಆಸ್ತಿಯಲ್ಲ, ಇದನ್ನು ಪಟ್ಟಿ ಹೇಳುವುದಿಲ್ಲ. ಕಡಲ ಕೆಸರಿನಲ್ಲಿ ಬಿಲ ತೋಡಿ ಬದುಕುವ, ಬಲನೋಗ್ಲಾಸಸ್ ಮುಂತಾದ ಹುಳುಗಳಿಗೂ ಅವು ಇವೆ. ಮುಂದೆ ತಳಿಶಾಸ್ತ್ರದ ಪ್ರಮುಖನಾದ ವಿಲಿಯಂ ಬೇಟ್ಸನ್ 1880ರ ದಶಕದಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಇವುಗಳನ್ನು ಅಭ್ಯಸಿಸಿ, ಅವುಗಳ ಮೂತಿಯಲ್ಲಿ ನೋಟೋಕಾರ್ಡಿನ ತುಣುಕಿದೆ ಎಂದು ನಂಬಿ, ಹೆಮಿಕಾರ್ಡೇಟ್ ಎಂದು ಗುಂಪು ಕಟ್ಟಿದ. ಆ ತುಣುಕು ನೋಟೋಕಾರ್ಡ್ ಅಲ್ಲ ಎಂದು ಈಗ ಬಹುಪಾಲು ವಿಜ್ಞಾನಿಗಳ ನಿಲುವು, ಅವುಗಳ ಹತ್ತಿರದ ನೆಂಟರು ನಕ್ಷತ್ರಮೀನುಗಳು. ಸೀಳುಗಳು ಮಾತ್ರ ನಿಜ. 2015ರಲ್ಲಿ ಈ ಹುಳುಗಳ ಜೀನೋಮ್ ಪ್ರಕಟವಾದಾಗ, ನಮ್ಮ ಗಂಟಲ ತಗ್ಗುಗಳನ್ನು ರೂಪಿಸುವ ವಂಶವಾಹಿಗಳ ಗುಂಪು ಅವುಗಳಲ್ಲೂ ಒಟ್ಟಾಗಿಯೇ ಇರುವುದು ಕಂಡುಬಂತು. ಹಾಗಾಗಿ ಸೀಳುಗಳು ಕಾರ್ಡೇಟ್‌ಗಳಿಗಿಂತ ಹಳೆಯವು. ಒಂದು ವಂಶವನ್ನು ಬೇರೆಯಾಗಿ ಗುರುತಿಸಲು ಅವು ಸಾಲವು. ‘ಕಾರ್ಡೇಟ್‌ಗಳಲ್ಲಿ ಇರುವ’ ಲಕ್ಷಣ ಬೇರೆ, ‘ಕಾರ್ಡೇಟ್‌ಗಳಲ್ಲಿ ಮಾತ್ರ ಇರುವ’ ಲಕ್ಷಣ ಬೇರೆ. ನಮ್ಮ ಪ್ರಶ್ನೆಪತ್ರಿಕೆಗಳು ಈ ವ್ಯತ್ಯಾಸವನ್ನು ಕೇಳಿದ್ದನ್ನು ನಾನು ಕಂಡಿಲ್ಲ.

ಎಂಡೋಸ್ಟೈಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಲ್ಯಾಂಪ್ರೆ ಎಂಬ ದವಡೆಯಿಲ್ಲದ ಮೀನು ಎಲ್ಲವನ್ನೂ ತಾನೇ ತೋರಿಸುತ್ತದೆ. ಅದರ ಮರಿ ವರ್ಷಗಟ್ಟಲೆ ಹೊಳೆಯ ಕೆಸರಿನಲ್ಲಿ ಎಂಡೋಸ್ಟೈಲ್ ಬಳಸಿ ಆಹಾರ ಸೋಸುತ್ತದೆ. ಬೆಳೆದು ರೂಪಾಂತರಗೊಳ್ಳುವಾಗ ಅದೇ ಅಂಗ ಥೈರಾಯ್ಡ್ ಗ್ರಂಥಿಯಾಗುತ್ತದೆ. ಲ್ಯಾನ್ಸ್‌ಲೆಟ್ ಮತ್ತು ಅಸಿಡಿಯನ್‌ಗಳ ಎಂಡೋಸ್ಟೈಲ್‌ನಲ್ಲೂ ಅಯೋಡಿನ್ ಹಿಡಿಯುವ ಕೋಶಗಳಿವೆ. ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವವರ ಗ್ರಂಥಿಗೆ ಇಷ್ಟು ಹಿಂದಿನ ಚರಿತ್ರೆಯಿದೆ.

ಬಾಲ ಎಲ್ಲಕ್ಕಿಂತ ಸಾಮಾನ್ಯ ಲಕ್ಷಣವೆಂದು ತೋರಬಹುದು. ಆದರೆ ಹುಳುಗಳಲ್ಲಿ ಕರುಳು ಮೈಯ ಕೊನೆಯವರೆಗೂ ಹೋಗುತ್ತದೆ. ಕರುಳು ಮುಗಿದ ಮೇಲೂ ಸ್ನಾಯು ಮತ್ತು ಸರಳಿನ ಒಂದು ಭಾಗ ಹಿಂದಕ್ಕೆ ಚಾಚಿರುವುದು ಈಜಿಗೆ ಮೀಸಲಾದ ಏರ್ಪಾಡು. ಮನುಷ್ಯ ಭ್ರೂಣಕ್ಕೂ ಐದಾರನೆಯ ವಾರದಲ್ಲಿ ಬಾಲವಿರುತ್ತದೆ; ಎಂಟನೆಯ ವಾರದ ಹೊತ್ತಿಗೆ ಒಳಕ್ಕೆ ಸೇರಿ, ಕೆಳಗೆ ಬಿದ್ದಾಗ ನೋಯುವ ಬೆನ್ನಿನ ಕೊನೆಯ ಮೂಳೆಯಾಗಿ ಉಳಿಯುತ್ತದೆ. 1927ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ರಷ್ಯನ್ ವಿಜ್ಞಾನಿ ನಾಡಿನ್ ದೊಬ್ರೊವೊಲ್ಸ್ಕಯಾ ಜವಾಡ್‌ಸ್ಕಯಾ ಮೋಟು ಬಾಲದ ಇಲಿಗಳನ್ನು ವರ್ಣಿಸಿದರು. ಅದಕ್ಕೆ ಕಾರಣವಾದ ಬ್ರಾಕಿಯೂರಿ ವಂಶವಾಹಿ 1990ರಲ್ಲಿ ಕೈಗೆ ಸಿಕ್ಕಾಗ, ನೋಟೋಕಾರ್ಡ್ ಕಟ್ಟಲು ಬೇಕಾದ ಮುಖ್ಯ ವಂಶವಾಹಿ ಅದೇ ಎಂದು ತಿಳಿಯಿತು. ಅಸಿಡಿಯನ್‌ನ ಆ 40 ಕೋಶಗಳಲ್ಲೂ ಕೆಲಸ ಮಾಡುವುದು ಅದೇ. 2024ರಲ್ಲಿ ಪ್ರಕಟವಾದ ಸಂಶೋಧನೆ ಈ ಎಳೆಯನ್ನು ನಮ್ಮವರೆಗೂ ತಂದಿತು. ಸುಮಾರು 2.5 ಕೋಟಿ ವರ್ಷಗಳ ಹಿಂದೆ, ಬಾಲವಿಲ್ಲದ ವಾನರಗಳ ಪೂರ್ವಜನಲ್ಲಿ, ಈ ವಂಶವಾಹಿಯ ಒಳಗೆ ಆಲು ಎಂಬ ಒಂದು ಅಲೆಮಾರಿ ಡಿಎನ್‌ಎ ತುಣುಕು ಬಂದು ಸೇರಿಕೊಂಡಿತ್ತು. ಅದು ಉಂಟುಮಾಡುವ ಬದಲಾವಣೆಯನ್ನು ಇಲಿಗಳಿಗೆ ತಂದಾಗ ಬಾಲ ಮೋಟಾಯಿತು ಅಥವಾ ಇಲ್ಲವಾಯಿತು. ಕೆಲವು ಇಲಿಗಳಲ್ಲಿ ನರನಾಳ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಬರೆಯುವ ನೋಟೋಕಾರ್ಡ್, ಬಾಲ, ನರನಾಳ ಮೂರೂ ಒಂದೇ ವಂಶವಾಹಿಯ ಸುತ್ತ ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ.

ಕಾರ್ಡೇಟ್‌ಗಳ ಮೂರು ಶಾಖೆಗಳ ನಂಟಿನ ಪ್ರಶ್ನೆಯಲ್ಲಿ ದೊಡ್ಡ ತಿರುವು ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಮೀನಿನಂತೆ ಕಾಣುವ ಲ್ಯಾನ್ಸ್‌ಲೆಟ್ಟೇ ನಮಗೆ ಹತ್ತಿರ, ಬಂಡೆಗೆ ಅಂಟಿದ ಅಸಿಡಿಯನ್ ದೂರ ಎಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಫ್ರೆಡ್ರಿಕ್ ಡೆಲ್ಸುಕ್ ಮತ್ತು ಸಂಗಡಿಗರು ಬಹಳಷ್ಟು ವಂಶವಾಹಿಗಳನ್ನು ಹೋಲಿಸಿ ಅದನ್ನು ತಿರುವುಮುರುವು ಮಾಡಿದರು. ಕಶೇರುಕಗಳಿಗೆ ಹತ್ತಿರದವು ಅಸಿಡಿಯನ್‌ಗಳ ಬಳಗ. ಇದರಿಂದ ಗಾರ್‌ಸ್ಟಾಂಗ್ 1928ರಲ್ಲಿ ಮುಂದಿಟ್ಟ ಸೊಗಸಾದ ಕಲ್ಪನೆಯೂ ಸಡಿಲವಾಯಿತು. ಅಂಟಿಕೂತ ಪೂರ್ವಜನ ಲಾರ್ವಾ ಬಂಡೆ ಹಿಡಿಯುವುದನ್ನೇ ಬಿಟ್ಟು ಈಜುತ್ತಲೇ ಪ್ರೌಢವಾಗಿ ಕಶೇರುಕಗಳಿಗೆ ದಾರಿಯಾಯಿತು ಎಂದು ಅವನು ಹೇಳಿದ್ದ. ಈಗಿನ ಒಲವು ಬೇರೆ. ಮೂಲದ ಕಾರ್ಡೇಟ್ ಸ್ವತಂತ್ರವಾಗಿ ಈಜುತ್ತಿದ್ದ ಜೀವಿ. ಅಂಟಿಕೂರುವುದು ಅಸಿಡಿಯನ್‌ಗಳು ಆಮೇಲೆ ಹಿಡಿದ ದಾರಿ. ಅವುಗಳ ಜೀನೋಮ್ ಚಿಕ್ಕದಾಗಿದೆ, ದೇಹದ ಉದ್ದವನ್ನು ವಿಂಗಡಿಸುವ ಹಾಕ್ಸ್ ವಂಶವಾಹಿಗಳ ಸಾಲು ಚದುರಿಹೋಗಿದೆ. 2008ರಲ್ಲಿ ಜೀನೋಮ್ ಓದಿದ ಲ್ಯಾನ್ಸ್‌ಲೆಟ್‌ನಲ್ಲಿ ಆ ಸಾಲು ಒಂದೇ, ಇಡಿಯಾಗಿದೆ. ಮನುಷ್ಯನಲ್ಲಿ ನಾಲ್ಕು ಸಾಲು, 39 ವಂಶವಾಹಿಗಳು. ಕಶೇರುಕಗಳ ಹುಟ್ಟಿನ ಆಸುಪಾಸಿನಲ್ಲಿ ಇಡೀ ಜೀನೋಮ್ ಎರಡು ಸಲ ಇಮ್ಮಡಿಯಾಗಿದೆ ಎಂಬ, ಸುಸುಮು ಓನೊ 1970ರಲ್ಲಿ ಮುಂದಿಟ್ಟಿದ್ದ ವಿಚಾರಕ್ಕೆ ಇದು ಬಲ ಕೊಟ್ಟಿತು. ತಲೆಬುರುಡೆ, ದವಡೆ, ಮಣಿಮಣಿಯಾದ ಬೆನ್ನೆಲುಬು ಇವೆಲ್ಲ ಕಶೇರುಕಗಳು ಆ ಹೆಚ್ಚುವರಿ ಬಂಡವಾಳದ ಕಾಲದಲ್ಲಿ ಮತ್ತು ಅದರ ನಂತರ ಸಂಪಾದಿಸಿದವು.

ಇನ್ನು ಉಳಿದದ್ದು ಕಲ್ಲಿನ ಸಾಕ್ಷ್ಯ. ಕೆನಡಾದ ಬರ್ಜೆಸ್ ಶೇಲ್‌ನಲ್ಲಿ ಸಿಕ್ಕ ಪಿಕಾಯಿಯ ಎಂಬ ಐದು ಸೆಂಟಿಮೀಟರಿನ ಪಳೆಯುಳಿಕೆಯನ್ನು ವಾಲ್ಕಾಟ್ 1911ರಲ್ಲಿ ಹುಳು ಎಂದು ದಾಖಲಿಸಿದ. 1970ರ ದಶಕದ ಕೊನೆಯಲ್ಲಿ ಸೈಮನ್ ಕಾನ್ವೇ ಮಾರಿಸ್ ಅದು ಕಾರ್ಡೇಟ್ ಎಂದರು. ಅದರ ವಯಸ್ಸು ಸುಮಾರು 50.8 ಕೋಟಿ ವರ್ಷ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ 1999ರಲ್ಲಿ ವರದಿಯಾದ, ಮೀನನ್ನೇ ಹೋಲುವ ಮಿಲೋಕುನ್‌ಮಿಂಜಿಯ ಮತ್ತು ಹೈಕೊಯಿಕ್ತಿಸ್ ಅದಕ್ಕಿಂತಲೂ ಸುಮಾರು ಒಂದು ಕೋಟಿ ವರ್ಷ ಹಳೆಯವು. 2024ರಲ್ಲಿ ಪಿಕಾಯಿಯವನ್ನು ಮತ್ತೆ ಪರೀಕ್ಷಿಸಿದ ಸಂಶೋಧಕರು ಇಷ್ಟು ವರ್ಷ ಬೆನ್ನೆಂದು ತಿಳಿದದ್ದು ಅದರ ಹೊಟ್ಟೆ, ನಾವು ಅದನ್ನು ತಲೆಕೆಳಗಾಗಿ ನೋಡುತ್ತಿದ್ದೆವು ಎಂದು ವಾದಿಸಿದರು. ಮಗುಚಿ ನೋಡಿದರೆ ನರಹುರಿ ಇರಬೇಕಾದ ಕಡೆ ಇರುತ್ತದೆ.

ಇಂಥ ಪಳೆಯುಳಿಕೆಗಳನ್ನು ಓದುವುದು ಏಕೆ ಇಷ್ಟು ಕಷ್ಟ ಎಂಬುದಕ್ಕೆ ಲೆಸ್ಟರ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಯಾನ್ಸಮ್ ಮತ್ತು ಸಂಗಡಿಗರು 2010ರಲ್ಲಿ ಉತ್ತರ ಕೊಟ್ಟರು. ಲ್ಯಾನ್ಸ್‌ಲೆಟ್‌ಗಳನ್ನೂ ಲ್ಯಾಂಪ್ರೆಯ ಮರಿಗಳನ್ನೂ ನೀರಿನಲ್ಲಿ ಕೊಳೆಯಲು ಬಿಟ್ಟು, ಯಾವ ಅಂಗ ಯಾವಾಗ ಅಳಿಯುತ್ತದೆ ಎಂದು ದಾಖಲಿಸಿದರು. ಒಂದೊಂದು ಶಾಖೆಯನ್ನು ಬೇರೆಯಾಗಿ ಗುರುತಿಸುವ ಹೊಸ ಲಕ್ಷಣಗಳು ಮೊದಲು ಕೊಳೆತುಹೋದವು. ಎಲ್ಲ ಶಾಖೆಗಳಿಗೂ ಸಾಮಾನ್ಯವಾದ ಹಳೆಯ ಲಕ್ಷಣಗಳು, ಅವುಗಳಲ್ಲಿ ನೋಟೋಕಾರ್ಡೂ ಒಂದು, ಬಹಳ ಕಾಲ ತಡೆದುಕೊಂಡವು. ಇದರ ಪರಿಣಾಮ ಗಂಭೀರವಾದದ್ದು. ತಲೆ, ಕಣ್ಣು, ಮಿದುಳು ಇದ್ದ ಒಂದು ಕಶೇರುಕ ಅರ್ಧ ಕೊಳೆತ ಮೇಲೆ ಕಲ್ಲಾದರೆ ಅದು ಲ್ಯಾನ್ಸ್‌ಲೆಟ್‌ನ ಮಟ್ಟದ ಸರಳ ಜೀವಿಯಂತೆ ಕಾಣುತ್ತದೆ, ವಂಶವೃಕ್ಷದಲ್ಲಿ ಇರಬೇಕಾದ್ದಕ್ಕಿಂತ ಕೆಳಗಿನ ಕೊಂಬೆಗೆ ಜಾರುತ್ತದೆ. ಕೇಂಬ್ರಿಯನ್ ಕಾಲದ ಕಲ್ಲುಗಳಲ್ಲಿ ನೋಟೋಕಾರ್ಡ್ ಮತ್ತು ಸ್ನಾಯುಗಳ ಗುರುತಷ್ಟೇ ಉಳಿದಿರುವ ಪ್ರತಿ ಪಳೆಯುಳಿಕೆಯನ್ನೂ ಈಗ ಈ ಕೊಳೆಯುವಿಕೆಯ ಕ್ರಮದ ಎದುರು ಇಟ್ಟು ಮತ್ತೆ ಪರಿಶೀಲಿಸಬೇಕಾಗಿದೆ, ಆ ಕೆಲಸ ನಡೆಯುತ್ತಿದೆ.